ಸೋತವರ ಹೆಸರನ್ನೂ ಬರೆಯಬೇಕು



ಕಳೆದ ಸಂಚಿಕೆಯಲ್ಲಿ ನಮ್ಮ ಶಾಲೆಯ ಆಟೋಟ ಸ್ಪರ್ಧೆಗಳ ಫಲಿತಾಂಶವನ್ನು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು. ನೀವೆಲ್ಲ ನೋಡಿರುತ್ತೀರಿ. ಓಟಕ್ಕೆ ಪ್ರಥಮ, ದ್ವಿತೀಯ, ತೃತೀಯ ಅಂತ ಮೂರು ಹೆಸರು ಇತ್ತು. ಕಬಡ್ಡಿಗೆ ಇಡೀ ತಂಡದ ಹೆಸರು ಇತ್ತು. ಚದುರಂಗಕ್ಕೆ ಮಾತ್ರ ಒಂದೇ ಹೆಸರು. ಅದು ನನ್ನ ಹೆಸರು. ಯಾಕೆ ಒಂದೇ ಅಂತ ಕೇಳಿದ್ದಕ್ಕೆ, ಜಾಗ ಸಾಲಲಿಲ್ಲ ಅಂದರು. ಜಾಗ ಇತ್ತು. ಕೆಳಗೆ ದೊಡ್ಡದಾಗಿ ಗುಲಾಬಿ ಹೂ ಬಿಡಿಸಿದ್ದರು.

ಹೆಸರು ಬಂದದ್ದಕ್ಕೆ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಅಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ. ಆದರೆ ಕೊನೇ ಆಟದಲ್ಲಿ ನನ್ನ ಎದುರಿಗೆ ಕೂತಿದ್ದ ಆರನೇ ತರಗತಿಯ ಹುಡುಗಿ ಅವತ್ತಿನಿಂದ ಮಧ್ಯಾಹ್ನದ ಊಟ ಆದ ಮೇಲೆ ಬೋರ್ಡಿನ ಹತ್ತಿರ ಬರುತ್ತಿಲ್ಲ. ಮೊದಲೆಲ್ಲ ತಟ್ಟೆ ತೊಳೆದವಳೇ ಓಡಿ ಬಂದು ಬಿಳಿ ಕಾಯಿ ಹಿಡಿದುಕೊಳ್ಳುತ್ತಿದ್ದಳು. ಈಗ ಕೆಲವು ಹುಡುಗರು ಅವಳನ್ನು ಕಂಡರೆ "ಚೆಕ್‌ಮೇಟ್, ಚೆಕ್‌ಮೇಟ್" ಅಂತ ಕೂಗುತ್ತಾರೆ. ಅದಕ್ಕೇ ನಾನು ಈ ಲೇಖನ ಬರೆಯುತ್ತಿರುವುದು. ಚದುರಂಗದಲ್ಲಿ ಗೆದ್ದವರ ಹೆಸರಿನ ಜೊತೆ ಸೋತವರ ಹೆಸರನ್ನೂ, ಆಟದ ನಡೆಗಳನ್ನೂ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಾನೇ ಹುಟ್ಟಿಸಿಕೊಂಡ ಮಾತಲ್ಲ. ಪ್ರಪಂಚದ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳ ಆಟವನ್ನು ಹಾಗೇ ಬರೆದಿಡುತ್ತಾರೆ. ನಮ್ಮ ಮೇಷ್ಟ್ರು ತಂದುಕೊಟ್ಟ ಪುಸ್ತಕದಲ್ಲಿ ಪ್ರತಿ ಆಟದ ತಲೆಯ ಮೇಲೂ ಎರಡು ಹೆಸರು ಇವೆ. ಅದರಲ್ಲೂ ಒಂದು ವಿಶೇಷ ಇದೆ. ಮೊದಲು ಬರೆಯುವುದು ಗೆದ್ದವರ ಹೆಸರನ್ನಲ್ಲ, ಬಿಳಿ ಕಾಯಿ ಆಡಿದವರ ಹೆಸರನ್ನು. ಆದ್ದರಿಂದ ಎಷ್ಟೋ ಸಲ ಸೋತವರ ಹೆಸರೇ ಮೊದಲು ಬರುತ್ತದೆ. ನನಗೆ ಮೊದಲು ಇದು ಗೊತ್ತಿರಲಿಲ್ಲ. "ಬೈರ್ನ್ – ಫಿಶರ್" ಅಂತ ನೋಡಿ, ಬೈರ್ನ್ ಎಂಬುವರು ಗೆದ್ದಿರಬೇಕು ಅಂದುಕೊಂಡು ಆಟವನ್ನು ಬೋರ್ಡಿನ ಮೇಲೆ ಇಟ್ಟು ಆಡುತ್ತಾ ಹೋದೆ. ಕೊನೆಗೆ ನೋಡಿದರೆ ಬೈರ್ನ್ ಅವರ ರಾಜನಿಗೇ ಚೆಕ್‌ಮೇಟ್!

ಆ ಆಟದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಯಾಕಂದ್ರೆ ಅದನ್ನು ಆಡಿದ ಹುಡುಗನಿಗೆ ಆಗ ನನ್ನಷ್ಟೇ ವಯಸ್ಸು, ಹದಿಮೂರು ವರ್ಷ. ಹೆಸರು ಬಾಬಿ ಫಿಶರ್. ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ 1956ನೇ ಇಸವಿ ಅಕ್ಟೋಬರ್ 17ರಂದು ನಡೆದ ಆಟ. ಎದುರಾಳಿ ಡೊನಾಲ್ಡ್ ಬೈರ್ನ್ ಅವರಿಗೆ 26 ವರ್ಷ, ಆ ದೇಶದ ದೊಡ್ಡ ಆಟಗಾರರಲ್ಲಿ ಒಬ್ಬರು. ಇಬ್ಬರೂ ಆಗ ಗ್ರ್ಯಾಂಡ್‌ಮಾಸ್ಟರ್ ಅಲ್ಲ. ಫಿಶರ್‌ಗೆ ಆ ಪದವಿ ಬಂದದ್ದು 1958ರಲ್ಲಿ, 15ನೇ ವಯಸ್ಸಿಗೆ. ಆದರೂ ಗ್ರ್ಯಾಂಡ್‌ಮಾಸ್ಟರ್‌ಗಳ ಆಟದ ಪುಸ್ತಕದಲ್ಲೆಲ್ಲ ಈ ಆಟ ಇದ್ದೇ ಇರುತ್ತದೆ.

ಫಿಶರ್ ಕರಿ ಕಾಯಿ ಆಡುತ್ತಿದ್ದ. 11ನೇ ನಡೆಯಲ್ಲಿ ತನ್ನ ಕುದುರೆಯನ್ನು ತಗೊಂಡು ಹೋಗಿ ಬೋರ್ಡಿನ ಅಂಚಿಗೆ ಇಟ್ಟ. "ಬೇಕಾದ್ರೆ ತಗೋ" ಅನ್ನುವ ಹಾಗೆ. ಕುದುರೆಯನ್ನು ಅಂಚಿಗೆ ಇಡಬಾರದು ಅಂತ ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ. ಆದರೆ ಅಲ್ಲಿ ಅದನ್ನು ಹೊಡೆದರೆ ಬಿಳಿಗೇ ನಷ್ಟ, ಬೈರ್ನ್ ಅದನ್ನು ಕಂಡುಕೊಂಡು ಹೊಡೆಯಲಿಲ್ಲ. ಆಮೇಲೆ 17ನೇ ನಡೆ. ಬೈರ್ನ್ ಅವರ ಒಂಟೆ ಫಿಶರನ ಮಂತ್ರಿಯನ್ನು ಹೊಡೆಯಲು ನಿಂತಿದೆ. (ನಮ್ಮೂರಲ್ಲಿ ಮಂತ್ರಿ ಅಂತೀವಿ, ಪುಸ್ತಕದಲ್ಲಿ ರಾಣಿ ಅಂತ ಇದೆ. ಎರಡೂ ಒಂದೇ.) ನಾನಾಗಿದ್ದರೆ ಮಂತ್ರಿಯನ್ನು ಎತ್ತಿಕೊಂಡು ಓಡುತ್ತಿದ್ದೆ. ಫಿಶರ್ ಮಂತ್ರಿಯನ್ನು ಮುಟ್ಟಲೇ ಇಲ್ಲ! ಸುಮ್ಮನೆ ತನ್ನ ಒಂಟೆಯನ್ನು ಬೇರೆ ಮನೆಗೆ ಸರಿಸಿ ಕೂತ. ನಾನು ಈ ನಡೆಯನ್ನು ಪುಸ್ತಕದಲ್ಲಿ ಅಚ್ಚಿನ ತಪ್ಪು ಅಂತ ತಿಳಿದು ಮೇಷ್ಟ್ರ ಹತ್ತಿರ ಹೋಗಿದ್ದೆ.

ಅಚ್ಚಿನ ತಪ್ಪಲ್ಲ. ಬೈರ್ನ್ ಮಂತ್ರಿಯನ್ನು ಹೊಡೆದರು. ಆಮೇಲೆ ಫಿಶರನ ಕುದುರೆಯೂ ಒಂಟೆಯೂ ಸೇರಿಕೊಂಡು ಚೆಕ್ ಮೇಲೆ ಚೆಕ್ ಕೊಡುತ್ತಾ, ಗಾಣದ ಎತ್ತು ಸುತ್ತಿದ ಹಾಗೆ ಕುದುರೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಬಿಳಿ ರಾಜ ಆ ಕಡೆ ಈ ಕಡೆ ಒಂದೊಂದು ಮನೆ ಸರಿಯುವುದು ಬಿಟ್ಟು ಬೇರೆ ಏನೂ ಮಾಡೋ ಹಾಗಿಲ್ಲ. ಇದೆಲ್ಲ ಮುಗಿಯುವಷ್ಟರಲ್ಲಿ ಫಿಶರನಿಗೆ ಒಂದು ಮಂತ್ರಿಯ ಬದಲು ಒಂದು ಆನೆ, ಎರಡು ಒಂಟೆ, ಒಬ್ಬ ಸೈನಿಕ ಸಿಕ್ಕಿದ್ದರು. ಕೊನೆಗೆ ಆನೆ, ಎರಡು ಒಂಟೆ, ಕುದುರೆ ನಾಲ್ಕೂ ಸೇರಿ ರಾಜನನ್ನು ಮೂಲೆಯ ಕಡೆ ಅಟ್ಟಿಕೊಂಡು ಹೋದವು. 41ನೇ ನಡೆಯಲ್ಲಿ ಚೆಕ್‌ಮೇಟ್. ಬೈರ್ನ್ ಅವರ ಮಂತ್ರಿ ಅಷ್ಟು ಹೊತ್ತೂ ಬೋರ್ಡಿನ ಆ ಕೊನೆಯಲ್ಲಿ ಒಂಟಿಯಾಗಿ ನಿಂತಿತ್ತು, ಜಾತ್ರೆಯಲ್ಲಿ ಕಳೆದುಹೋದವರ ಹಾಗೆ.

ಇಲ್ಲಿ ನಾನು ಹೇಳಬೇಕಾದದ್ದು ಬೈರ್ನ್ ಅವರ ವಿಷಯ. ದೊಡ್ಡ ಆಟಗಾರರು ಸಾಮಾನ್ಯವಾಗಿ ಚೆಕ್‌ಮೇಟ್ ಆಗುವವರೆಗೆ ಆಡುವುದಿಲ್ಲ. ಸೋಲು ಖಚಿತ ಅಂತ ಗೊತ್ತಾದ ಕೂಡಲೇ ಕೈಕುಲುಕಿ ಎದ್ದುಬಿಡುತ್ತಾರೆ. ಬೈರ್ನ್ ಅವರಿಗೂ ಗೊತ್ತಾಗಿರಲೇಬೇಕು, ಅಷ್ಟು ದೊಡ್ಡ ಆಟಗಾರರು. ಆದರೂ ಎದ್ದು ಹೋಗದೆ ಆ ಹುಡುಗ ಕೊನೇ ನಡೆಯವರೆಗೂ ಆಡಿ ಮೇಟ್ ಮಾಡುವುದಕ್ಕೆ ಬಿಟ್ಟರು. ಅವರು ಮಧ್ಯದಲ್ಲೇ ಎದ್ದಿದ್ದರೆ ಆ ಚೆಂದದ ಮೇಟ್ ಬೋರ್ಡಿನ ಮೇಲೆ ಬರುತ್ತಲೇ ಇರಲಿಲ್ಲ. ಆ ಆಟಕ್ಕೆ ಹಾನ್ಸ್ ಕ್ಮೋಖ್ ಎಂಬ ಚದುರಂಗ ಬರಹಗಾರರು "ಶತಮಾನದ ಆಟ" ಅಂತ ಹೆಸರಿಟ್ಟರು. ಡೊನಾಲ್ಡ್ ಬೈರ್ನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಇವತ್ತಿಗೂ ಅವರ ಹೆಸರು ಪ್ರಪಂಚಕ್ಕೆ ಗೊತ್ತಿರುವುದು ಹೆಚ್ಚಾಗಿ ಈ ಸೋತ ಆಟದಿಂದ.

ಇನ್ನೊಂದು ಮಾತು. ಅವತ್ತಿನ ಆ ಪಂದ್ಯಾವಳಿಯನ್ನು ಗೆದ್ದವನು ಫಿಶರ್ ಅಲ್ಲ! ಅವನು ಕೆಳಗಿನ ಸ್ಥಾನದಲ್ಲಿ ಎಲ್ಲೋ ಇದ್ದ. ನಮ್ಮ ಗೋಡೆ ಪತ್ರಿಕೆಯ ಲೆಕ್ಕದಲ್ಲಿ ಪ್ರಥಮ ಬಂದವರ ಹೆಸರು ಮಾತ್ರ ಬರೆದಿದ್ದರೆ ಫಿಶರನ ಹೆಸರೂ ಇರುತ್ತಿರಲಿಲ್ಲ, ಬೈರ್ನ್ ಹೆಸರೂ ಇರುತ್ತಿರಲಿಲ್ಲ. ನಡೆಗಳನ್ನು ಬರೆದಿಟ್ಟಿದ್ದಕ್ಕೆ ಆ ಆಟ ಉಳಿಯಿತು. ನಮ್ಮ ಶಾಲೆಯ ಬೋರ್ಡಿನ ತನಕ ಬಂತು.

ಈ ಬೈರ್ನ್ ಅವರಿಗೆ ರಾಬರ್ಟ್ ಬೈರ್ನ್ ಅಂತ ಅಣ್ಣ ಇದ್ದರು. ಅವರೂ ಫಿಶರ್ ಕೈಲಿ ಸೋತರು, 1963ರಲ್ಲಿ. ಆದರೆ ಇದು ತಮಾಷೆ. ಆ ಆಟವನ್ನು ಪಕ್ಕದ ಕೋಣೆಯಲ್ಲಿ ಜನರಿಗೆ ವಿವರಿಸುತ್ತಿದ್ದ ಗ್ರ್ಯಾಂಡ್‌ಮಾಸ್ಟರ್‌ಗಳು ಬೈರ್ನ್ ಅವರೇ ಗೆಲ್ಲುತ್ತಿದ್ದಾರೆ ಅಂತ ಹೇಳುತ್ತಿದ್ದರಂತೆ. ಅಷ್ಟರಲ್ಲಿ ಬೈರ್ನ್ 21 ನಡೆಗೆ ಸೋಲೊಪ್ಪಿಕೊಂಡರು ಅಂತ ಸುದ್ದಿ ಬಂತು. ಮುಂದೆ ಬರುವುದನ್ನು ಅವರು ಮೊದಲೇ ನೋಡಿಬಿಟ್ಟಿದ್ದರು. ತಮ್ಮ ಮೇಟ್ ಆಗುವ ತನಕ ಕೂತರು, ಅಣ್ಣ ಬೇಗ ಎದ್ದರು. ಇಬ್ಬರದೂ ಸರಿಯೇ ಅಂತ ನನಗನ್ನಿಸುತ್ತದೆ. ಆ ವರ್ಷದ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ ಫಿಶರ್ ಹನ್ನೊಂದಕ್ಕೆ ಹನ್ನೊಂದು ಆಟವನ್ನೂ ಗೆದ್ದ.

ಸೋತವರು ತಾವೇ ತಮ್ಮ ಸೋಲನ್ನು ಅಚ್ಚು ಹಾಕಿಸಿದ್ದೂ ಉಂಟು. ಇದು ಬಹಳ ಹಳೆಯದು, ಗ್ರ್ಯಾಂಡ್‌ಮಾಸ್ಟರ್ ಅನ್ನುವ ಪದವಿಯೇ ಇಲ್ಲದ ಕಾಲದ್ದು. 1851ರಲ್ಲಿ ಲಂಡನ್ ಪಟ್ಟಣದಲ್ಲಿ ಆಂಡರ್ಸನ್, ಕೀಸರಿಟ್ಸ್ಕಿ ಎಂಬ ಇಬ್ಬರು ಪಂದ್ಯದ ಬಿಡುವಿನಲ್ಲಿ ಸುಮ್ಮನೆ ಒಂದು ಆಟ ಆಡಿದರು. ನಾವು ಊಟದ ಬೆಲ್ ಆದ ಮೇಲೆ ಆಡುತ್ತೀವಲ್ಲ, ಹಾಗೆ. ಅದರಲ್ಲಿ ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಬಲಿ ಕೊಟ್ಟು, ಉಳಿದ ಚಿಕ್ಕ ಕಾಯಿಗಳಿಂದಲೇ ರಾಜನನ್ನು ಕಟ್ಟಿಹಾಕುವ ದಾರಿ ಹುಡುಕಿದರು. ಆ ಆಟದಲ್ಲಿ ಯಾವ ಕಪ್ಪೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಮರೆತುಬಿಡಬಹುದಿತ್ತು. ಆದರೆ ಸೋತ ಕೀಸರಿಟ್ಸ್ಕಿ ಅವರೇ ಅದನ್ನು ಪ್ಯಾರಿಸ್‌ನಲ್ಲಿ ತಾವು ನಡೆಸುತ್ತಿದ್ದ ಚದುರಂಗದ ಪತ್ರಿಕೆಯಲ್ಲಿ ಪ್ರಕಟಿಸಿದರು! ಆಮೇಲೆ ಅದಕ್ಕೆ "ಅಮರ ಆಟ" ಅಂತ ಹೆಸರು ಬಂತು. ಅವರು ನಡೆಸಿದ್ದು ಪತ್ರಿಕೆ, ನಾವು ನಡೆಸುತ್ತಿರುವುದೂ ಪತ್ರಿಕೆ. ಅಂದ ಹಾಗೆ ಆಂಡರ್ಸನ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಕೀಸರಿಟ್ಸ್ಕಿ ಕೂಡ ಮೊದಲು ಗಣಿತದ ಮೇಷ್ಟ್ರೇ. ಚದುರಂಗ ಆಡಿದರೆ ಲೆಕ್ಕ ಹಾಳಾಗುತ್ತದೆ ಅನ್ನುವವರು ಇದನ್ನು ಗಮನಿಸಬೇಕಾಗಿ ವಿನಂತಿ.

ಈಗ ನನ್ನ ಗೆಳೆಯನೊಬ್ಬ ಹೇಳಿದ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯುತ್ತೀನಿ ಅಂದಾಗ ಅವನು, "ಸೋತವರ ಹೆಸರು ಗೋಡೆ ಮೇಲೆ ಹಾಕಿದ್ರೆ ಅವರಿಗೆ ಇನ್ನೂ ಅವಮಾನ ಅಲ್ವೇನೋ? ಬಿಟ್ಟರೆ ಒಳ್ಳೇದು, ಯಾರಿಗೂ ಗೊತ್ತಾಗಲ್ಲ" ಅಂದ. ಅವನ ಮಾತೂ ಪೂರ್ತಿ ತಪ್ಪಲ್ಲ. ಸೋತಾಗ ನನಗೂ ಯಾರ ಮುಖವನ್ನೂ ನೋಡಬಾರದು ಅನ್ನಿಸುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಾಗದೆ ಇರುವುದು ಎಂಬುದೇ ಇಲ್ಲ. ಅವಳು ಸೋತದ್ದು ಎಲ್ಲರಿಗೂ ಗೊತ್ತು. ಹೇಗೆ ಆಡಿದಳು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ದೊಡ್ಡವರಿಗೂ ಸೋತಾಗ ಸಿಟ್ಟು ಬರುತ್ತದೆ. 2025ರ ಜೂನ್‌ನಲ್ಲಿ ನಾರ್ವೆ ದೇಶದಲ್ಲಿ ಮ್ಯಾಗ್ನಸ್ ಕಾರ್ಲ್ಸನ್ ಅವರು ನಮ್ಮ ಗುಕೇಶ್ ಎದುರು ಗೆಲ್ಲುವ ಆಟವನ್ನು ಕಳೆದುಕೊಂಡು, ಮೇಜನ್ನು ಎಂಥಾ ಜೋರಾಗಿ ಗುದ್ದಿದರು ಅಂದ್ರೆ ಕಾಯಿಗಳೆಲ್ಲ ಹಾರಿದವು. ಐದು ಸಲ ವಿಶ್ವ ಚಾಂಪಿಯನ್ ಆದವರು! ಆದರೆ ಗುದ್ದಿದ ಮೇಲೆ ಕೈಕುಲುಕಿದರು, ಕ್ಷಮೆ ಕೇಳಿದರು, ಹೋಗುವಾಗ ಗುಕೇಶ್ ಬೆನ್ನು ತಟ್ಟಿ ಹೋದರು. ಆ ಪಂದ್ಯಾವಳಿಯನ್ನು ಕೊನೆಗೆ ಗೆದ್ದವರು ಕಾರ್ಲ್ಸನ್ನೇ. ಇದನ್ನು ಮೇಷ್ಟ್ರ ಮೊಬೈಲಿನಲ್ಲಿ ನಾವು ಏಳೆಂಟು ಸಲ ನೋಡಿದೆವು. ನಮ್ಮ ಶಾಲೆಯ ಮೇಜನ್ನು ಹಾಗೆ ಗುದ್ದಿದರೆ ಒಂದು ಕಾಲು ಕಳಚಿ ಬರುತ್ತದೆ.

ಸ್ಪಾಸ್ಕಿ ಅವರ ವಿಷಯ ಬೇರೆ. 1972ರಲ್ಲಿ ಐಸ್‌ಲ್ಯಾಂಡ್ ದೇಶದ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ರಷ್ಯಾದ ಬೋರಿಸ್ ಸ್ಪಾಸ್ಕಿ ಚಾಂಪಿಯನ್, ಎದುರಿಗೆ ಅದೇ ಫಿಶರ್. (ಇಲ್ಲಿಂದ ಫಿಶರ್‌ಗೆ ಬಹುವಚನ ಬಳಸುತ್ತೇನೆ, ಈಗ ದೊಡ್ಡವರಾಗಿದ್ದಾರೆ.) ಫಿಶರ್ ಮೊದಲ ಆಟ ಸೋತರು. ಎರಡನೇ ಆಟಕ್ಕೆ ಬರಲೇ ಇಲ್ಲ. ಆದ್ದರಿಂದ ಅದೂ ಹೋಯಿತು. ಸ್ಪಾಸ್ಕಿ ಆವಾಗಲೇ, ನಾನು ಗೆದ್ದೆ ಅಂತ ಗಂಟುಮೂಟೆ ಕಟ್ಟಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಆಡಿದರು. ಆರನೇ ಆಟದಲ್ಲಿ ಫಿಶರ್ ತಮ್ಮ ಮಾಮೂಲಿ ರಾಜನ ಮುಂದಿನ ಸೈನಿಕನನ್ನು ಬಿಟ್ಟು ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಸೈನಿಕನನ್ನು ನಡೆಸಿ ಆಟ ಶುರು ಮಾಡಿದರು. ಆ ಆಟವನ್ನು ನಾನು ಬೋರ್ಡಿನ ಮೇಲೆ ಇಟ್ಟು ನೋಡಿದ್ದೇನೆ. ಯಾವ ಬಲಿಯೂ ಇಲ್ಲ ಅನ್ನುವಷ್ಟು ಶಾಂತವಾಗಿ ಹೋಗುತ್ತದೆ, ಕೊನೆಗೆ ಮಾತ್ರ ಒಂದು ಆನೆಯನ್ನು ಕೊಟ್ಟು ಮುಗಿಸುತ್ತಾರೆ. ಸ್ಪಾಸ್ಕಿ ಸೋಲೊಪ್ಪಿಕೊಂಡಾಗ ಜನ ಚಪ್ಪಾಳೆ ಹೊಡೆದರು. ಸ್ಪಾಸ್ಕಿಯೂ ಅವರ ಜೊತೆ ನಿಂತು ಫಿಶರ್‌ಗೆ ಚಪ್ಪಾಳೆ ಹೊಡೆದರು! ಕೊನೆಗೆ ಚಾಂಪಿಯನ್ ಪಟ್ಟವೂ ಫಿಶರ್‌ಗೇ ಹೋಯಿತು, ಹನ್ನೆರಡೂವರೆಗೆ ಎಂಟೂವರೆ ಅಂಕದಿಂದ. ಆ ಚಪ್ಪಾಳೆಯನ್ನು ಮಾತ್ರ ಜನ ಮರೆಯಲಿಲ್ಲ. ನಾನು ಸೋತರೆ ಚಪ್ಪಾಳೆ ಹೊಡೆಯುತ್ತೇನಾ? ಸದ್ಯಕ್ಕೆ ಆಗಲಿಕ್ಕಿಲ್ಲ.

ಒಳ್ಳೆಯ ಆಟಕ್ಕೆ ಎದುರಾಳಿಯೂ ಬೇಕು ಅನ್ನುವುದಕ್ಕೆ 1999ರ ಒಂದು ಆಟ ಇದೆ. ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಜೀ ಎಂಬ ಊರಿನಲ್ಲಿ ಕ್ಯಾಸ್ಪರೋವ್ ಅವರು ಟೊಪಲೋವ್ ಎದುರು ಆಡಿದ್ದು. ಕ್ಯಾಸ್ಪರೋವ್ 24ನೇ ನಡೆಗೆ ಒಂದು ಆನೆ ಕೊಟ್ಟರು. ಅದನ್ನು ಹೊಡೆಯದೆ ರಾಜನನ್ನು ಒಂದು ಮನೆ ಸರಿಸಿದ್ದರೆ ಟೊಪಲೋವ್ ಉಳಿಯುತ್ತಿದ್ದರು ಅಂತ ಆಮೇಲೆ ಲೆಕ್ಕ ಹಾಕಿದವರು ಹೇಳುತ್ತಾರೆ. ಟೊಪಲೋವ್ ಹೊಡೆದರು. ಹೊಡೆದದ್ದಕ್ಕೇ ಅವರ ಕರಿ ರಾಜ ತನ್ನ ಮನೆ ಬಿಟ್ಟು, ಬೋರ್ಡನ್ನೆಲ್ಲ ದಾಟಿ, ಎದುರಾಳಿಯ ಮೊದಲನೇ ಸಾಲಿನವರೆಗೂ ಓಡಬೇಕಾಯಿತು. ಅಂಥಾ ಓಟವನ್ನು ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ. ಟೊಪಲೋವ್ ಹೆದರಿಕೊಂಡು ಆನೆಯನ್ನು ಬಿಟ್ಟಿದ್ದರೆ ಆ ಓಟವೇ ಇರುತ್ತಿರಲಿಲ್ಲ. ಅದೇ ಟೊಪಲೋವ್ 2005ರಲ್ಲಿ ವಿಶ್ವ ಚಾಂಪಿಯನ್ ಆದರು.

ನಮ್ಮ ವಿಶ್ವನಾಥನ್ ಆನಂದ್ ಅವರನ್ನೇ ನೋಡಿ. 2013ರ ಜನವರಿಯಲ್ಲಿ ಅದೇ ವೈಕ್ ಆನ್ ಜೀಯಲ್ಲಿ ಅರೋನಿಯನ್ ಎದುರು ಕರಿ ಕಾಯಿಯಲ್ಲಿ 23 ನಡೆಗೆ ಗೆದ್ದರು. ಆನಂದರ ಕುದುರೆ ಒಂಟೆಗಳೆಲ್ಲ ಒಂದೇ ಕಡೆ ತಿರುಗಿ ಬಿಳಿ ರಾಜನ ಮೇಲೆ ಬೀಳುವುದನ್ನು ನೋಡಿದರೆ ಮೈ ಜುಂ ಅನ್ನುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ, ತಮ್ಮ ಸ್ವಂತ ಊರು ಚೆನ್ನೈಯಲ್ಲೇ, ಕಾರ್ಲ್ಸನ್‌ಗೆ ಸೋತು ವಿಶ್ವ ಪಟ್ಟ ಕಳೆದುಕೊಂಡರು. ಸೋತವರು ಮನೆಯಲ್ಲಿ ಕೂರಲಿಲ್ಲ. ಮುಂದಿನ ವರ್ಷವೇ ಕ್ಯಾಂಡಿಡೇಟ್ಸ್ ಪಂದ್ಯಾವಳಿ ಗೆದ್ದು ಮತ್ತೆ ಕಾರ್ಲ್ಸನ್ ಎದುರಿಗೆ ಕೂತರು. ಮತ್ತೆ ಸೋತರು, ಅದು ಬೇರೆ ಮಾತು.

ಇನ್ನು ನಾನು ಹೇಳಲೇಬೇಕಾದ ಆಟ. 2024ರ ಡಿಸೆಂಬರ್ 12, ಸಿಂಗಪುರ. ಚೀನಾದ ಡಿಂಗ್ ಲಿರೆನ್ ವಿಶ್ವ ಚಾಂಪಿಯನ್. ಎದುರಿಗೆ ಚೆನ್ನೈನ 18 ವರ್ಷದ ಡಿ. ಗುಕೇಶ್. ಹದಿನಾಲ್ಕು ಆಟದ ಪಂದ್ಯ. ಹದಿಮೂರು ಆಟ ಮುಗಿದಾಗ ಇಬ್ಬರಿಗೂ ಆರೂವರೆ ಅಂಕ. ಹದಿನಾಲ್ಕನೆಯದು ಕೊನೇ ಆಟ. ಡಿಂಗ್ ಅವರದು ಬಿಳಿ ಕಾಯಿ. ಐವತ್ತು ನಡೆ ದಾಟಿತ್ತು. ಇಬ್ಬರ ಹತ್ತಿರವೂ ಒಂದು ಆನೆ, ಒಂದು ಒಂಟೆ. ಗುಕೇಶ್ ಹತ್ತಿರ ಒಬ್ಬ ಸೈನಿಕ ಮಾತ್ರ ಹೆಚ್ಚು. ನೋಡುತ್ತಿದ್ದವರೆಲ್ಲ ಡ್ರಾ ಆಗುತ್ತದೆ ಅಂದುಕೊಂಡಿದ್ದರು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಗುಕೇಶ್ ಆನೆಯ ಎದುರಿಗೆ ತಂದು ಇಟ್ಟರು, ಆನೆಗೆ ಆನೆ ಹೋಗಲಿ ಅಂತ. ಆದರೆ ಅವರ ಒಂಟೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಆನೆ ಹೋದ ಮೇಲೆ ಗುಕೇಶ್ ಒಂಟೆಗೆ ಒಂಟೆಯನ್ನೂ ಕೊಡಿಸಿಬಿಡಬಹುದು, ಆಮೇಲೆ ಉಳಿಯುವುದು ರಾಜ ಮತ್ತು ಸೈನಿಕರು, ಅಲ್ಲಿ ಒಬ್ಬ ಸೈನಿಕ ಹೆಚ್ಚಿದ್ದವರದೇ ಗೆಲುವು. ಗುಕೇಶ್ ಅದನ್ನು ಕಂಡ ಕ್ಷಣ ಅವರ ಮುಖ ನೋಡಬೇಕು. ಕುರ್ಚಿಯಲ್ಲಿ ಕೂರುವುದಕ್ಕೇ ಆಗುತ್ತಿಲ್ಲ. 58 ನಡೆಗೆ ಡಿಂಗ್ ಸೋಲೊಪ್ಪಿಕೊಂಡರು. ಗುಕೇಶ್ ಅತ್ತರು. ಅಳುತ್ತಾ ಅಳುತ್ತಾ ಕಾಯಿಗಳನ್ನೆಲ್ಲ ಒಂದೊಂದಾಗಿ ಅದರದರ ಮನೆಯಲ್ಲಿ ಜೋಡಿಸಿಟ್ಟರು.

ಒಂದೇ ಒಂದು ನಡೆ! ಅದಕ್ಕೂ ಮುಂಚೆ ಡಿಂಗ್ ಆ ಪಂದ್ಯದಲ್ಲಿ ಎರಡು ಆಟ ಗೆದ್ದಿದ್ದರು, ಮೊದಲನೆಯದು ಮತ್ತು ಹನ್ನೆರಡನೆಯದು. ಹನ್ನೆರಡನೇ ಆಟದಲ್ಲಿ ಗುಕೇಶ್‌ಗೆ ಉಸಿರಾಡುವುದಕ್ಕೂ ಬಿಟ್ಟಿರಲಿಲ್ಲ. ಆಟ ಮುಗಿದ ಮೇಲೆ ಪತ್ರಕರ್ತರ ಎದುರು ಗುಕೇಶ್ ಡಿಂಗ್ ಅವರನ್ನು ನಿಜವಾದ ಚಾಂಪಿಯನ್ ಅಂತ ಹೊಗಳಿದರು. ಡಿಂಗ್ ಅವರು ತಮಗೆ ಪಶ್ಚಾತ್ತಾಪ ಇಲ್ಲ ಅಂದರು. ಪುಸ್ತಕದಲ್ಲಿ ಈ ಆಟ "ಡಿಂಗ್ – ಗುಕೇಶ್" ಅಂತಲೇ ಇರುತ್ತದೆ. ಸೋತವರ ಹೆಸರು ಮೊದಲು.

ಈಗ ನನ್ನ ಆಟ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಫೈನಲ್ ಆಟದಲ್ಲಿ ಅವಳದು ಬಿಳಿ, ನನ್ನದು ಕರಿ. ಅರ್ಧ ಗಂಟೆ ಆಗುವಷ್ಟರಲ್ಲಿ ಅವಳ ಹತ್ತಿರ ನನಗಿಂತ ಒಂದು ಆನೆ ಹೆಚ್ಚಿತ್ತು. ನನ್ನ ಒಂದು ಕುದುರೆಯನ್ನೂ ಆನೆಯನ್ನೂ ಒಟ್ಟಿಗೆ ಹಿಡಿದು ಬಿಟ್ಟಿದ್ದಳು, ನಾನು ನೋಡಿಯೇ ಇರಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗಿದ್ದರೆ ನಾನು ಅಲ್ಲೇ ಕೈಕುಲುಕಿ ಎದ್ದು ಹೋಗಬೇಕಿತ್ತು. ನಾನು ಎದ್ದು ಹೋಗಲಿಲ್ಲ, ಯಾಕಂದ್ರೆ ಕಿಟಕಿಯಲ್ಲಿ ನಮ್ಮ ತರಗತಿಯವರೆಲ್ಲ ನಿಂತಿದ್ದರು. ಅವಳ ರಾಜ ಮೂರು ಸೈನಿಕರ ಹಿಂದೆ ಮೊದಲನೇ ಸಾಲಿನಲ್ಲಿ ಕೂತಿದ್ದ, ಕಾವಲಿಗೆ ಒಂದು ಆನೆ ಇತ್ತು. ನಾನು ಸುಮ್ಮನೆ ಒಬ್ಬ ಸೈನಿಕನನ್ನು ಮುಂದೆ ತಳ್ಳಿದೆ, ಬೇರೇನೂ ತೋಚದೆ. ಅವಳು ಕಾವಲಿನ ಆನೆಯನ್ನು ಎತ್ತಿ ಆ ಸೈನಿಕನನ್ನು ಹೊಡೆದಳು. ಮೊದಲನೇ ಸಾಲು ಖಾಲಿ ಆಯಿತು. ನಾನು ನನ್ನ ಆನೆಯನ್ನು ಇಳಿಸಿ ಚೆಕ್ ಕೊಟ್ಟೆ. ರಾಜನಿಗೆ ಹೊರಗೆ ಬರುವುದಕ್ಕೆ ತನ್ನ ಸೈನಿಕರೇ ಅಡ್ಡ. ಕಿಟಕಿಯಲ್ಲಿದ್ದವರೆಲ್ಲ ಕೂಗಿದರು. ನಾನೂ ಎರಡೂ ಕೈ ಎತ್ತಿದೆ.

ಅದು ನನ್ನ ಬುದ್ಧಿವಂತಿಕೆಯ ಸೈನಿಕ ಅಂತ ಎಲ್ಲರೂ ತಿಳಿದುಕೊಂಡರು. ಮೇಷ್ಟ್ರೂ "ಭಲೇ, ಬಲೆ ಹಾಕಿದೆಯಲ್ಲೋ" ಅಂದರು. ನಾನು ಹೌದು ಸಾರ್ ಅಂದುಬಿಟ್ಟೆ. ಬಲೆ ಅಲ್ಲ ಸಾರ್, ಕ್ಷಮಿಸಿ. ನಡೆಗಳನ್ನು ಬರೆದಿದ್ದರೆ ಯಾರು ಹೇಗೆ ಆಡಿದರು ಅಂತ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಆ ಹುಡುಗರು ಅವಳನ್ನು ಕಂಡು ಕೂಗುವ ಬದಲು ನನ್ನನ್ನು ಕಂಡು ನಗುತ್ತಿದ್ದರು.

ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವಾಗ ಇಬ್ಬರೂ ಪ್ರತಿ ನಡೆಯನ್ನೂ ಚೀಟಿಯಲ್ಲಿ ಬರೆಯಲೇಬೇಕು, ಅದು ನಿಯಮ. ಬರೆಯುವುದೇನೂ ಕಷ್ಟ ಇಲ್ಲ. ಬೋರ್ಡಿನಲ್ಲಿ ಅಡ್ಡಕ್ಕೆ ಎಂಟು ಮನೆ, ಉದ್ದಕ್ಕೆ ಎಂಟು ಮನೆ. ಅಡ್ಡಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಉದ್ದಕ್ಕೆ 1ರಿಂದ 8. ಪಂಚಾಯಿತಿಯವರು ನಮ್ಮ ಮನೆಗಳಿಗೆ ನಂಬರ್ ಹೊಡೆದ ಹಾಗೆ ಪ್ರತಿ ಮನೆಗೂ ಒಂದು ಹೆಸರು. ರಾಜನ ಮುಂದಿನ ಬಿಳಿ ಸೈನಿಕ ಎರಡು ಮನೆ ಮುಂದೆ ಹೋದರೆ "ಇ4". ಕುದುರೆ ಹೋದರೆ "ಕುದುರೆ ಎಫ್3". ಇಷ್ಟೇ. ನಾಲ್ಕನೇ ತರಗತಿಯವರೂ ಬರೆಯಬಹುದು.

ಈ ಲೇಖನವನ್ನು ಅಂಟಿಸುವ ಮೊದಲು ಅವಳಿಗೆ ತೋರಿಸಬೇಕು ಅನ್ನಿಸಿ ನಿನ್ನೆ ನೀರಿನ ಟ್ಯಾಂಕಿನ ಹತ್ತಿರ ಕೊಟ್ಟೆ. ಹೆಸರು ಹಾಕಲಾ ಅಂತ ಕೇಳಿದೆ. "ಇದರಲ್ಲಿ ಬೇಡ ಅಣ್ಣಾ, ಫಲಿತಾಂಶದಲ್ಲಿ ಹಾಕಲಿ" ಅಂದಳು. ಅದಕ್ಕೇ ಇಲ್ಲಿ ಹಾಕಿಲ್ಲ. ಆಮೇಲೆ ಪೂರ್ತಿ ಓದಿ, ಬೈರ್ನ್ ಆಟದ ಬಗ್ಗೆ ಏನೂ ಹೇಳದೆ, ನನ್ನ ಆಟದ ಜಾಗಕ್ಕೆ ಬೆರಳಿಟ್ಟಳು. ಅವಳ ಪ್ರಕಾರ ಅವಳು ಎತ್ತಿದ್ದು ಆನೆಯನ್ನಲ್ಲವಂತೆ, ಮಂತ್ರಿಯನ್ನಂತೆ. ಹೊಡೆದದ್ದು ಸೈನಿಕನನ್ನಲ್ಲವಂತೆ, ಒಂಟೆಯನ್ನಂತೆ. ನನಗೆ ಹಾಗೆ ನೆನಪಿಲ್ಲ. ಸುಮಾರು ಹೊತ್ತು ಜಗಳ ಆಡಿದೆವು. ಬೋರ್ಡಿನ ಮೇಲೆ ಇಟ್ಟು ನೋಡೋಣ ಅಂದರೆ ಬೆಲ್ ಆಯಿತು.

ಸಂಪಾದಕರಲ್ಲಿ ನನ್ನ ಕೋರಿಕೆ ಏನೆಂದರೆ, ಗುಲಾಬಿ ಹೂವಿನ ಪಕ್ಕದಲ್ಲಿ ಅವಳ ಹೆಸರನ್ನು ಬರೆಯಬೇಕು. ಅವಳು ಬಿಳಿ ಆಡಿದ್ದರಿಂದ ಮೊದಲು ಅವಳದು, ಆಮೇಲೆ ನನ್ನದು. ನಡೆ ಬರೆಯಲು ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತಂದು ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪೆನ್ನಿಗೆ ದಾರ ಕಟ್ಟಿದ್ದೇನೆ, ಯಾರೂ ಕಿತ್ತುಕೊಂಡು ಹೋಗಬೇಡಿ. ಕರಿ ಕುದುರೆ ಒಂದು ಕಳೆದುಹೋಗಿದೆ, ಸಿಕ್ಕಿದವರು ದಯವಿಟ್ಟು ತಂದುಕೊಡಿ. ಅಲ್ಲಿಯವರೆಗೆ ಬಾಟಲಿ ಮುಚ್ಚಳ ಇಟ್ಟುಕೊಂಡು ಆಡುತ್ತೇವೆ. ನಾಳೆ ಊಟ ಆದ ಮೇಲೆ ಅವಳು ಬರುತ್ತೇನೆ ಅಂದಿದ್ದಾಳೆ.

ಇಂತಿ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ